ಆಗ್ನೆಸಳ ಕಲ್ಲು

೧೨ ನವೆಂಬರ್ ೨೦೨೪, ಮಂಗಳವಾರ, ನರಿಕೊಂಬು

ಕೆನಡಾದ ಆ ಹೆಂಗಸಿಗೆ ಇನ್ನೆಂಥದು ಬೇಕು?

ಅವಳ ಮುತ್ತಜ್ಜ ಗಿಲೆಸ್ಪಿ ಸ್ಕಾಟ್ಲೆಂಡಿನಿಂದ ಬಂದು ಚಾರ್ಮಾಡಿಯ ಮೇಲೆ ಕಾಫಿ ಬೆಳೆಸಿದವನು. ಹೆಂಡತಿ ಇಲ್ಲೇ ತೀರಿಕೊಂಡ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಕೆನಡಾಕ್ಕೆ ಹೋದ. ಸ್ಕಾಟ್ಲೆಂಡಿನಲ್ಲಿ ತಮ್ಮ ಮೂಲದ ಊರು ಯಾವುದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿಕೊಡಿ ಎಂದು ನಿವೃತ್ತ ಮಾಸ್ತರನಾದ ನನಗೆ ಗಂಟುಬಿದ್ದು ಒಂದು ವರ್ಷವಾಯಿತು.

ಕಳೆದ ವಾರ ಕಕ್ಕಿಂಜೆ ದಾಟಿ ಘಾಟಿ ಹತ್ತಿ, ಜಿಗಣೆಗಳಿಂದ ಕಚ್ಚಿಸಿಕೊಂಡು, ಹಳೆಯ ತೋಟದ ಮೂಲೆಯಲ್ಲಿ ಗಿಲೆಸ್ಪಿಯ ಹೆಂಡತಿ ಆಗ್ನೆಸಳ ಸಮಾಧಿ ಪತ್ತೆಮಾಡಿದೆ. ತೆಂಗಿನ ನಾರಿನಿಂದ ತಿಕ್ಕಿದಾಗ ಅವಳು ಹುಟ್ಟಿದ ಹಳ್ಳಿಯ ಹೆಸರೂ ಕಲ್ಲಿನ ಮೇಲೆ ಕಾಣಿಸಿತು. ನಿಮ್ಮ ಮೂಲ ಸಿಕ್ಕಿತು ಎಂದು ಹಿಗ್ಗಿನಿಂದ ಬರೆಸಿದೆ.

ಇವತ್ತು ಉತ್ತರ ಬಂತು. ಅದು ಆಗ್ನೆಸಳ ಊರು ಮಾತ್ರವಂತೆ. ಅವರಿಗೆ ಬೇಕಾದದ್ದು ಗಿಲೆಸ್ಪಿಯ ಊರಂತೆ.

ತಲೆ ಕೆಟ್ಟುಹೋಯಿತು. ತಾಯಿಯ ಊರು ಸಿಕ್ಕಿದ ಮೇಲೆ ಮೂಲ ಅಂತ ಬೇರೆ ಏನುಂಟು? ಅಳಿಯಸಂತಾನದ ನಮ್ಮಲ್ಲಿ ಮನೆತನ ನಡೆಯುವುದೇ ತಾಯಿಯ ಕಡೆಯಿಂದ. ಅಜ್ಜಿಯಿಂದ ಅಜ್ಜಿಗೆ ಎಂಟು ತಲೆಮಾರು ನನಗೆ ಬಾಯಿಪಾಠ. ಇದನ್ನೇ ಖಾರವಾಗಿ ಬರಿ ಎಂದು ತಂಗಿಯ ಮಗಳು ಸಾತ್ವಿಕಾಗೆ ಹೇಳಿದೆ. ನನ್ನ ಇಂಗ್ಲಿಷ್ ಇಮೇಲುಗಳನ್ನು ಟೈಪು ಮಾಡುವವಳು ಅವಳೇ.

"ಬರೀತೇನೆ ಮಾವ," ಎಂದಳು. "ಆದರೆ ನಿಮ್ಮ ಅಪ್ಪನ ಅಪ್ಪ ಯಾವ ಊರಿನವರು? ಆ ಕೆನಡಾದವರು ತಿರುಗಿ ಕೇಳಿದರೆ ಎಂತ ಹೇಳುವ?"

ಹೇಳಲು ಬಾಯಿ ತೆರೆದೆ. ಊರು ಹಾಗಿರಲಿ, ಹೆಸರೇ ಗೊತ್ತಿಲ್ಲ.

ಇಮೇಲು ಹೋಗಲಿಲ್ಲ. ಅಪ್ಪ ತೀರಿಕೊಂಡು ಮೂವತ್ತು ವರ್ಷ. ಇದ್ದಷ್ಟು ದಿನ, ಕೇಳಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.