ಎಲ್ಡನ್‌ಗೆ ಕೊಟ್ಟ ಐವತ್ತು ತೋಟಾ

ಸೆಪ್ಟೆಂಬರ್ 9, ಮಂಗಳವಾರ

ಬೆಳಿಗ್ಗೆ ಏಳಕ್ಕೇ ಗ್ಯಾರೇಜಿಗೆ ಇಳಿದೆ. ತೋಟಾದ ನೂರು ಖಾಲಿ ಹಿತ್ತಾಳೆ ಕೇಸು. ಒಂದು ಹಲಗೆಯಲ್ಲಿ ಐವತ್ತು ನನ್ನವು, ಇನ್ನೊಂದರಲ್ಲಿ ಐವತ್ತು ತಮ್ಮ ಎಲ್ಡನ್‌ನವು. ತೊಳೆದು ಒಣಗಿಸಿ, ತಳಕ್ಕೆ ಕಿಡಿ ಕೊಡುವ ಪ್ರೈಮರ್ ಕೂರಿಸಿದ್ದು ನಿನ್ನೆಯೇ ಆಗಿತ್ತು. ಇವತ್ತು ಮದ್ದು ತುಂಬುವ ಕೆಲಸ.

ಅಪ್ಪನ ಪದ್ಧತಿಯೇ ನನ್ನದೂ. ನೂರಕ್ಕೆ ಎಷ್ಟು ಬೇಕೋ ಅಷ್ಟೇ ಮದ್ದು ತೂಗಿ ತಗಡಿನ ಬಟ್ಟಲಿಗೆ. ದೊಡ್ಡ ಡಬ್ಬ ಮುಚ್ಚಿ ಕಪಾಟಿಗೆ. ಆಮೇಲೆ ಒಂದು ಕೇಸಿಗೆ ಒಂದು ಪಾಲು, ತಕ್ಕಡಿಯಲ್ಲಿಟ್ಟು ನೋಡಿ ಸುರಿಯುವುದು. ಕೊನೆಗೆ ಬಟ್ಟಲಲ್ಲಿ ಉಳಿಯಲೂಬಾರದು, ಸಾಲದೆ ಬರಲೂಬಾರದು.

ನನ್ನ ಹಲಗೆಯ ಮೂರನೇ ಸಾಲಿನಲ್ಲಿದ್ದೆ. ಎಲ್ಡನ್ ಬಂದ. ಬಾಗಿಲಲ್ಲೇ ನಿಂತು ಟೋಪಿ ತೆಗೆದ. ಟೋಪಿ ತೆಗೆದನೆಂದರೆ ಒಳ್ಳೆ ಸುದ್ದಿಯಲ್ಲ.

"ಅಕ್ಕ, ಬೇಜಾರು ಮಾಡ್ಕೋಬೇಡ. ಕ್ಲಬ್ ಮೀಟಿಂಗಲ್ಲಿ ಮಾತು ಬಂತು. ಈ ಸಲ ಸೇಫ್ಟಿ ಕ್ಲಾಸು ಬೇರೆ ಯಾರಾದ್ರೂ ತಗೊಳ್ಳಲಿ ಅಂತ."

"ಯಾರ ಬಾಯಿಂದ ಬಂತು ಆ ಮಾತು?"

ಟೋಪಿಯನ್ನು ಬಾಗಿಲ ಪಕ್ಕದ ಕಪಾಟಿನ ಮೇಲಿಟ್ಟ. ಆಮೇಲೆ — "ನನ್ನ ಬಾಯಿಂದಾನೇ."

ಮೂವತ್ತೊಂದು ವರ್ಷ! ಈ ಊರಲ್ಲಿ ಬಂದೂಕು ಹಿಡಿದ ಅರ್ಧ ಜನಕ್ಕೆ 'ಬೆರಳು ಟ್ರಿಗರಿಂದ ಆಚೆ ಇಡು' ಅಂತ ಗದರಿ ಕಲಿಸಿದವಳು ನಾನು. ಇವನಿಗೂ. ಬಾಯಿಗೆ ಬಂದದ್ದೆಲ್ಲ ಅಂದೆ. ಹೋದ. ನನ್ನ ಹಲಗೆ ಮುಗಿಸಿ ಅವನದಕ್ಕೆ ಕೈ ಹಚ್ಚಿದೆ. ಎರಡು ಸಾಲು ಆಗಿರಲಿಲ್ಲ, ಮತ್ತೆ ಹಾಜರ್. ಟೋಪಿ ಮರೆತಿದ್ದನಂತೆ.

"ಕಣ್ಣು ಒಂದ್ಸಲ ತೋರಿಸ್ಕೋ ಅಕ್ಕ. ಹೋದ ತಿಂಗಳು ಗುರಿಪಟದ ನಂಬರ್ ಓದೋಕೆ ನೀನು ಒದ್ದಾಡಿದ್ದು ನಾನು ನೋಡಿದೀನಿ."

"ಟೋಪಿ ತಗೊಂಡು ನಡಿ."

ಮಧ್ಯೆ ಯಾರಾದರೂ ಮಾತಾಡಿಸಿದರೆ ಹಲಗೆಯ ಮದ್ದೆಲ್ಲ ಬಟ್ಟಲಿಗೆ ಮಗುಚಿ ಮೊದಲಿಂದ ಶುರು ಮಾಡಬೇಕು. ಕ್ಲಾಸಿನಲ್ಲಿ ಬೋರ್ಡ್ ಮೇಲೆ ಮೊದಲು ಬರೆಯುವುದೇ ಇದು. ಮಗುಚಲಿಲ್ಲ. ಅವನ ದೆಸೆಯಿಂದ ನನ್ನ ಬೆಳಗು ಯಾಕೆ ಹಾಳು ಮಾಡಿಕೊಳ್ಳಲಿ? ಟಾರ್ಚ್ ಹಾಕಿ ಕೇಸಿನ ಒಳಗೆ ನೋಡುವುದನ್ನೂ ಬಿಟ್ಟೆ. ಬಟ್ಟಲು ಸರಿಯಾಗಿ ಖಾಲಿಯಾಯಿತು, ಕೊನೆಯ ಪಾಲಿಗೆ ಸರಿಯಾಗಿ. ಗುಂಡು ಕೂರಿಸಿ ಮುಗಿಸಿದೆ. ನೋಡಿದೆಯಾ ಎಲ್ಡನ್, ನನ್ನ ಕಣ್ಣು ನೆಟ್ಟಗಿದೆ.

ಸೆಪ್ಟೆಂಬರ್ 14, ಭಾನುವಾರ

ಚರ್ಚಿನ ಊಟ. ಒಲೆಯಲ್ಲಿ ಬೇಯಿಸಿದ ಆಲೂಗಡ್ಡೆ ಹಾಟ್‌ಡಿಶ್, ಉಪ್ಪಿಲ್ಲ. ಎಲ್ಡನ್ ಆ ಮೇಜಲ್ಲಿ, ನಾನು ಈ ಮೇಜಲ್ಲಿ. ತೋಟಾ ಡಬ್ಬಿಯನ್ನು ಅವನ ಹೆಂಡತಿ ಮಾರ್ಲಿಸ್ ಕೈಗೆ ಕೊಟ್ಟೆ. ಜಗಳ ಬೇರೆ, ಕೊಟ್ಟ ಮಾತು ಬೇರೆ. ಪ್ರತಿ ವರ್ಷ ಎಲ್ಕ್ ಕಡವೆಯ ಬೇಟೆಗೆ ಹೋಗುವ ಮುಂಚೆ ಅವನ ಪಿಸ್ತೂಲಿಗೆ ಐವತ್ತು ತುಂಬಿಕೊಡುವುದು ನಾನೇ.

"ನೀವಿಬ್ರೂ ಕತ್ತೆಗಳು, ಅಕ್ಕ," ಅಂದಳು ಮಾರ್ಲಿಸ್. ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಅವಳೂ ಆ ಮೇಜಿಗೇ ಹೋದಳು.

ಸೆಪ್ಟೆಂಬರ್ 20, ಶನಿವಾರ

ಶೂಟಿಂಗ್ ರೇಂಜ್. ಕ್ಲಬ್ಬಿನ ಹಾರ್ಲನ್‌ನ ಪಿಸ್ತೂಲು ಕ್ಲಿಕ್ ಅಂದು ಸುಮ್ಮನಾಯಿತು. ತಕ್ಷಣ ಬಿಚ್ಚಲು ಹೋದ. ಗದರಿದೆ — ನಳಿಗೆ ಮುಂದಕ್ಕೇ ಇರಲಿ, ಮೂವತ್ತು ಎಣಿಸು, ತಡವಾಗಿ ಹಾರಿದರೆ? ಎಣಿಸಿದ. ಹಾರಲಿಲ್ಲ. ತೆಗೆಸಿ ನೋಡಿದೆ. ಪ್ರೈಮರ್ ಪೂರ್ತಿ ಕೂತಿಲ್ಲ, ಕೂದಲೆಳೆಯಷ್ಟು ಮೇಲಿದೆ. ಪಿಸ್ತೂಲಿನ ಸೂಜಿಯ ಪೆಟ್ಟೆಲ್ಲ ಅದನ್ನು ಒಳಗೆ ತಳ್ಳುವುದಕ್ಕೇ ಹೋಗಿದೆ. ಬೆರಳಾಡಿಸಿಯೇ ಹೇಳಿದೆ. ಕನ್ನಡಕ ಕೂಡ ಹಾಕಿರಲಿಲ್ಲ.

"ಕ್ಲಾಸು ನೀನೇ ಮಾಡಬೇಕು ಆರ್ಡಿಸ್," ಅಂದ. ಆಚೆ ನಿಂತಿದ್ದ ಎಲ್ಡನ್‌ಗೆ ಕೇಳುವ ಹಾಗೆ ಇನ್ನೊಂದು ಸಲ ಅನ್ನಿಸಿದೆ. ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ

ರೇಂಜಿಗೆ ಒಬ್ಬಳೇ ಹೋಗಿದ್ದೆ. ಮೊನ್ನೆ ಎಲ್ಡನ್‌ನವುಗಳ ಜೊತೆ ತುಂಬಿದ ನನ್ನ ಐವತ್ತರ ಡಬ್ಬಿ. ಹನ್ನೊಂದು ಸರಿಯಾಗಿ ಹಾರಿದವು. ಹನ್ನೆರಡನೆಯದು ಡಂ ಅನ್ನಲಿಲ್ಲ. ಪುಸ್. ಕೈಗೆ ಹೊಡೆತವೇ ಬರಲಿಲ್ಲ. ಬೆರಳು ಅಭ್ಯಾಸಬಲದಿಂದ ಮತ್ತೆ ಒತ್ತಲು ಹೊರಟಿತ್ತು... ನಿಲ್ಲಿಸಿದೆ. ಹೇಗೆ ನಿಲ್ಲಿಸಿದೆನೋ ಗೊತ್ತಿಲ್ಲ.

ಬಿಚ್ಚಿ ನಳಿಗೆಗೆ ಕಡ್ಡಿ ಹಾಕಿದೆ. ಅರ್ಧಕ್ಕೆ ನಿಂತಿತು. ಗುಂಡು ನಡುವೆ ಸಿಕ್ಕಿಕೊಂಡಿದೆ. ಮದ್ದೇ ಇರಲಿಲ್ಲ ಅದರಲ್ಲಿ, ಬರೀ ಪ್ರೈಮರ್ ತಳ್ಳಿದೆ ಅಷ್ಟೇ. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಸೀಳಿ ನನ್ನ ಮುಖಕ್ಕೇ.

ಖಾಲಿ ಕೇಸು ಮುಚ್ಚಿದ್ದೇನೆ. ನಾನು. ಮನೆಗೆ ಬಂದು ಕಾಫಿ ಹಾಕಿಕೊಂಡೆ, ಕುಡಿಯಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಉಳಿದ ಮೂವತ್ತೆಂಟನ್ನೂ ಗುಂಡು ಕೀಳುವ ಟೊಳ್ಳು ಸುತ್ತಿಗೆಗೆ ಸಿಕ್ಕಿಸಿ ಕುಟ್ಟಿ ಬಿಚ್ಚಿದೆ. ತೋಟಾ ಹಾಗೇ ತೂಗಿದರೆ ಏನೂ ತಿಳಿಯುವುದಿಲ್ಲ, ಕೇಸಿನ ತೂಕವೇ ಹೆಚ್ಚುಕಡಿಮೆ. ಬಿಚ್ಚಿ ಮದ್ದನ್ನೇ ತೂಗಬೇಕು. ಮೂವತ್ತೆಂಟಕ್ಕೂ ಒಂದೊಂದು ಪಾಲು. ಎಲ್ಲ ಸರಿ.

ಕೂತು ಯೋಚಿಸಿದೆ. ನೂರು ಪಾಲು ಬಟ್ಟಲಿಗೆ ಹಾಕಿದ್ದೆ. ಬಟ್ಟಲು ಖಾಲಿಯಾಗಿತ್ತು. ಒಂದು ಕೇಸಿಗೆ ಮದ್ದು ಬಿದ್ದಿಲ್ಲ. ಹಾಗಾದರೆ ಆ ಪಾಲು ಎಲ್ಲಿ ಹೋಯಿತು?

ಅವನು ಟೋಪಿಗೆ ಬಂದಾಗ ನಾನಿದ್ದದ್ದು ಅವನ ಹಲಗೆಯ ಮೇಲೆ.

ಎಲ್ಡನ್‌ನ ಡಬ್ಬಿಯಲ್ಲಿ ಒಂದು ತೋಟಾದೊಳಗೆ ಎರಡು ಪಾಲು ಇದೆ. ಹೊರಗಿಂದ ನೋಡಿದರೆ ಉಳಿದವುಗಳ ಹಾಗೇ. ಹಾರಿಸಿದರೆ ಪಿಸ್ತೂಲು ಕೈಯಲ್ಲೇ ಒಡೆಯುತ್ತದೆ. ಬೆರಳು ಹೋಗಬಹುದು. ಕಣ್ಣು. ಅದಕ್ಕಿಂತ ಮುಂದಕ್ಕೆ ಬರೆಯುವುದಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಫೋನ್ ಮಾಡಿದೆ. ನಿಜ ಹೇಳುವುದಕ್ಕೇ ಮಾಡಿದ್ದು. ಅವನ ದನಿ ಕೇಳಿದ್ದೇ ತಡ, ನಾಲಿಗೆ ತಿರುಗಿತು.

"ಆ ಡಬ್ಬಿ ವಾಪಸ್ ಕಳಿಸು. ಮೇಲಿನ ಚೀಟಿ ತಪ್ಪಾಗಿದೆ."

ನಕ್ಕ. "ಚೀಟಿ ತಾನೆ, ನಾನೇ ತಿದ್ಕೋತೀನಿ ಬಿಡು."

"ಕಳಿಸು ಅಂದ್ನಲ್ಲ."

"ಅಕ್ಕ, ಕ್ಲಾಸು ಕೈಬಿಟ್ಟು ಹೋಯ್ತು ಅಂತ ಕೊಟ್ಟಿದ್ದನ್ನ ಕಿತ್ಕೋತಿದೀಯಾ? ನಂಗೆ ಐವತ್ತೆಂಟು ವರ್ಷ ಕಣೆ, ಎಂಟಲ್ಲ."

"ಹೊಡೆದಿದೀಯಾ ಯಾವುದಾದ್ರೂ?"

"ಒಂದೂ ಇಲ್ಲ. ಪಿಸ್ತೂಲಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸಿದೀನಿ. ಕರಡಿ ಎದುರು ಬಂದ್ರೆ ನಿನ್ನ ಹೆಸರು ಹೇಳಿ ಹೊಡೀತೀನಿ."

ಇಟ್ಟುಬಿಟ್ಟ. ಮತ್ತೆ ಮಾಡಬೇಕಿತ್ತು. ಮಾಡಿದರೆ ಏನು ಹೇಳಲಿ? ನೀನು ಹೇಳಿದ್ದೇ ಸರಿ, ನನ್ನ ಕೈಲಿ ಆಗಲ್ಲ ಅಂತಲೇ? ಕ್ಲಬ್ಬಿನ ಮೀಟಿಂಗಿನಲ್ಲಿ ಅವನು ಎದ್ದು ನಿಂತು ಅದನ್ನೇ ಹೇಳುತ್ತಾನೆ. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಆ ಪಾಪ ನನಗೆ ಬೇಡ.

ನಾಳೆ.

ಅಕ್ಟೋಬರ್ 3, ಶುಕ್ರವಾರ

ನಾಲ್ಕು ದಿನ ಬರೆದಿಲ್ಲ. ಬರೆದರೆ ಇದನ್ನೇ ಬರೆಯಬೇಕು. ದಿನಕ್ಕೆರಡು ಸಲ ಫೋನ್ ಎತ್ತುವುದು, ಇಡುವುದು. ಅವರ ಮನೆ ಮುಂದೆ ಎರಡು ಸಲ ಗಾಡಿ ನಿಧಾನ ಮಾಡಿದೆ. ಅಂಗಳದಲ್ಲಿ ಸೌದೆ ಸೀಳುತ್ತಿದ್ದ. ಎರಡೂ ಕೈ ನೆಟ್ಟಗಿದ್ದವು. ಸಮಾಧಾನವಾಯಿತು, ಮುಂದಕ್ಕೆ ಹೋದೆ. ಎಂಥ ಹೆಂಗಸು ನಾನು.

ಗಾಳಿ ನಿಂತಿಲ್ಲ ಮೂರು ದಿನದಿಂದ. ಎಲ್ಲಿಂದಲೋ ಒಂದು ಹೊಡೆತ ಕೇಳಿದರೆ ಸಾಕು, ಕೈಯಲ್ಲಿದ್ದದ್ದು ಬೀಳುತ್ತದೆ. ಇದು ವಯೋಮಿಂಗ್, ಅಕ್ಟೋಬರ್ ಬೇರೆ. ಇಡೀ ದಿನ ಯಾರಾದರೂ ಹೊಡೆಯುತ್ತಲೇ ಇರುತ್ತಾರೆ.

ಅಕ್ಟೋಬರ್ 5, ಭಾನುವಾರ, ಸಂಜೆ

ಹೇಳಿದೆ.

ಚರ್ಚ್ ಬಿಟ್ಟ ಮೇಲೆ ನೇರ ಅವರ ಅಡುಗೆಮನೆಗೆ. ನಿಂತೇ ಹೇಳಿದೆ, ಒಂದೂ ಬಿಡದೆ. ಹಲಗೆ ಮಗುಚದ್ದು, ಟಾರ್ಚ್ ಹಾಕದ್ದು, ಪುಸ್ ಅಂದದ್ದು, ಚೀಟಿಯ ಸುಳ್ಳು. ಮಾರ್ಲಿಸ್ ಕುರ್ಚಿ ಹಿಡಿದುಕೊಂಡಳು.

"ಎಷ್ಟು ದಿನದಿಂದ ಗೊತ್ತಿತ್ತು?" ಅಂದ ಎಲ್ಡನ್.

"ಒಂದು ವಾರ."

"ಒಂದು ವಾರ ನಾನದನ್ನ ಸೊಂಟದಲ್ಲಿಟ್ಕೊಂಡು ತಿರುಗಿದೀನಿ."

"ಹೂಂ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಡಬ್ಬಿ ತಂದು ಮೇಜಿನ ಮೇಲಿಟ್ಟ. "ಪಿಸ್ತೂಲಿನ ಮ್ಯಾಗಜೀನ್‌ದೂ ತೆಗೆದು ಹಾಕಿದೀನಿ. ಎಲ್ಲಾ ಇದರಲ್ಲಿದೆ." ಆಮೇಲೆ — "ಕ್ಲಬ್ಬಲ್ಲಿ ನಾನೇನೂ ಹೇಳಲ್ಲ."

"ಹೇಳು. ನಾನೇ ಬಂದು ಹೇಳ್ತೀನಿ."

"ಮೊದಲು ಕಾಫಿ ಕುಡಿ ಅಕ್ಕ. ಮುಖ ನೋಡು, ಸುಣ್ಣ ಬಳಿದ ಹಾಗಿದೆ."

ಕುಡಿದೆ. ಬುಧವಾರ ಬೇಟೆಗೆ ಹೊರಡುತ್ತಾನಂತೆ. ಅಂಗಡಿಯ ತೋಟಾ ಒಂದು ಡಬ್ಬಿ ಮನೆಯಲ್ಲೇ ಇದೆ, ನಾಳೆ ಊರಾಚೆಯ ಹಳೆ ಜಲ್ಲಿ ಗುಂಡಿಗೆ ಹೋಗಿ ಅದರಲ್ಲಿ ನಾಲ್ಕು ಹೊಡೆದು ನೋಡುತ್ತೇನೆ ಅಂದ. ಬಾಗಿಲ ತನಕ ಬಂದು ಬೆನ್ನು ತಟ್ಟಿದ. ದಾರಿಯಿಡೀ ಅತ್ತೆ. ಡಬ್ಬಿ ಪಕ್ಕದ ಸೀಟಲ್ಲಿತ್ತು. ಮುಚ್ಚಳ ತೆಗೆಯುವ ಮನಸ್ಸಾಗಲಿಲ್ಲ. ಬಿಚ್ಚುವುದು ನಾಳೆಯಾದರೂ ಆದೀತು. ಎಂಟು ದಿನದ ಮೇಲೆ ಇವತ್ತು ಹಸಿವಾಗಿದೆ.

ಅಕ್ಟೋಬರ್ 6, ಸೋಮವಾರ, 9:40

ಆರಕ್ಕೆ ಶುರು ಮಾಡಿದೆ. ಕುಟ್ಟು, ಬಿಚ್ಚು, ತೂಗು. ಎರಡು ಪಾಲಿನದು ಸಿಕ್ಕರೆ ಎತ್ತಿಟ್ಟು ಕ್ಲಾಸಿನಲ್ಲಿ ತೋರಿಸಬೇಕು ಅಂದುಕೊಂಡಿದ್ದೆ. ಇಪ್ಪತ್ತು ಸರಿ. ಮೂವತ್ತು ಸರಿ. ನಲವತ್ತೈದು. ಎಲ್ಲಕ್ಕೂ ಒಂದೇ ಪಾಲು.

ನಲವತ್ತೊಂಬತ್ತಕ್ಕೆ ಡಬ್ಬಿ ಮುಗಿಯಿತು.

ನೆಲದಲ್ಲಿ ಹುಡುಕಿದೆ. ಗಾಡಿಯ ಸೀಟಿನಡಿ ಹುಡುಕಿದೆ. ಬಿಚ್ಚಿದ ಕೇಸು ಮೂರು ಸಲ ಎಣಿಸಿದೆ. ಆಮೇಲೆ ಹೊಳೆಯಿತು. ಅವನು ಮ್ಯಾಗಜೀನ್ ತೆಗೆದು ಖಾಲಿ ಮಾಡಿದ್ದಾನೆ. ನಳಿಗೆಯ ಬುಡಕ್ಕೆ ಆಗಲೇ ಏರಿ ಕೂತದ್ದನ್ನು ತೆಗೆದಿಲ್ಲ. ಕರಡಿಗೆ ಅಂತ ಸಿದ್ಧ ಇಟ್ಟುಕೊಂಡದ್ದು. ಇವತ್ತು ಅಂಗಡಿಯ ತೋಟಾ ಹಾಕಿದ ಮ್ಯಾಗಜೀನ್ ಸಿಕ್ಕಿಸುತ್ತಾನೆ, ಟ್ರಿಗರ್ ಒತ್ತುತ್ತಾನೆ. ಮೊದಲು ಹಾರುವುದು ನನ್ನದು, ಆ ಎರಡು ಪಾಲಿನದು.

ಅವನ ಫೋನ್ ಅಡುಗೆಮನೆಯಲ್ಲೇ ಬಡಿದುಕೊಂಡಿತು. ಮಾರ್ಲಿಸ್ ಎತ್ತಿದಳು. ಹೊರಟು ಕಾಲು ಗಂಟೆ ಆಯಿತಂತೆ. ಅವಳೂ ಬರುತ್ತಾಳೆ. ಹೊರಟೆ.

10:20, ಜಲ್ಲಿ ಗುಂಡಿಯ ಗೇಟು

ಒಳಗೆ ಹೋದವನು ಸರಪಳಿ ಹಾಕಿ ಬೀಗ ಜಡಿದಿದ್ದಾನೆ. ದನ ನುಗ್ಗದಿರಲಿ ಅಂತ. ಗುಂಡಿ ಇನ್ನೂ ಅರ್ಧ ಮೈಲಿ. ಈ ತನಕ ಒಂದೂ ಹೊಡೆತ ಕೇಳಿಲ್ಲ, ಗುರಿಪಟ ನಿಲ್ಲಿಸುತ್ತಿರಬೇಕು. ನನ್ನ ಮಂಡಿಗೆ ಗೇಟು ಹತ್ತಲಾಗಲಿಲ್ಲ. ಮಾರ್ಲಿಸ್ ಹತ್ತಿ ಹಾರಿ ಓಡಿದಳು, ಕೆಂಪು ಕೋಟು ಬೀಸುತ್ತ. ನಾನು ಹಾರ್ನ್ ಒತ್ತಿದೆ, ಒತ್ತಿದೆ. ಗಾಳಿ ನಮ್ಮ ಕಡೆಗೇ ಬೀಸುತ್ತಿದೆ. ಅವನು ಕಿವಿ ಮುಚ್ಚಿಕೊಂಡಿರುತ್ತಾನೆ. ಕಿವಿ ಮುಚ್ಚದೆ ಹೊಡೆಯಬೇಡ ಅಂತ ಕಲಿಸಿದವಳು ನಾನೇ.

ಬರೀ ನೋಡುತ್ತ ಕೂರಲಾಗದು, ಅದಕ್ಕೆ ಬರೆಯುತ್ತಿದ್ದೇನೆ. ಕೋಟು ಇನ್ನೂ ಕಾಣುತ್ತಿದೆ. ದಿಬ್ಬದ ಹತ್ತಿರ ಹೋದಳು. ಇನ್ನೊಂದು ನೂರು ಹೆಜ್ಜೆ ಅಷ್ಟೇ, ಓಡು ಮಾರ್ಲಿಸ್ —

ಹೊಡೆತ. ಒಂದು.

ಜೋರೋ, ಮಾಮೂಲಿನದೋ, ಗಾಳಿಯಲ್ಲಿ ತಿಳಿಯಲಿಲ್ಲ. ಒಂದೇ ಹೊಡೆದು ನಿಲ್ಲಿಸುವ ಜಾತಿಯಲ್ಲ ಅವನದು. ಹೊಡೆದರೆ ನಾಲ್ಕು, ಒಂದರ ಹಿಂದೊಂದು. ಈಗ ಎರಡನೆಯದು ಕೇಳಬೇಕು.

ಮಾರ್ಲಿಸ್ ನಿಂತುಬಿಟ್ಟಿದ್ದಾಳೆ. ಯಾಕೆ ನಿಂತಳು?

ಹೊಡಿ ಎಲ್ಡನ್. ಕ್ಲಾಸು ಬೇಡ, ಏನೂ ಬೇಡ. ಇನ್ನೊಂದು ಹೊಡಿಯೋ. ಒಂದೇ ಒಂದು