ಕನ್ನಡಿಯಲ್ಲಿ ಕಂಡ ಬಲಗೆನ್ನೆ

ಮಾನ್ಯ ಸರ್ಕಾರಿ ಅಭಿಯೋಜಕರೇ,

ನನ್ನ ಮಾತು ನಂಬಿ ನೀವು ಒಬ್ಬ ಲಾರಿ ಚಾಲಕನಿಗೆ ಜೀವಾವಧಿ ಶಿಕ್ಷೆ ಕೊಡಿಸಿದಿರಿ. ಆ ಮಾತು ತಪ್ಪೆಂದು ಹೇಳಲು ಬಂದರೆ ನಿಮ್ಮ ಕಚೇರಿಯ ಬಾಗಿಲಲ್ಲೇ ನನ್ನನ್ನು ಸಾಗಹಾಕುತ್ತಿದ್ದೀರಿ. ಅದಕ್ಕೇ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಆತನ ಮೇಲ್ಮನವಿ ಮುಂದಿನ ವಾರ ವಿಚಾರಣೆಗೆ ಬರುತ್ತದೆ.

ನಾನು ಕ್ಷೌರಿಕ. ಎದುರಿನ ಬಟ್ಟೆ ಅಂಗಡಿಯ ಮಾಲೀಕರನ್ನು ಹಾಡಹಗಲೇ ಇರಿದು ಕೊಂದವನು ನನ್ನ ಅಂಗಡಿಯ ಬಾಗಿಲಲ್ಲಿ ಕ್ಷಣ ನಿಂತು, ಒಳಗೆ ನೋಡಿ ಓಡಿಹೋದ. ಬಲಗೆನ್ನೆಯಲ್ಲಿ ಗಾಯದ ಕಲೆ ಇತ್ತು ಎಂದೆ. ಪೊಲೀಸರು ಬಲಗೆನ್ನೆಯಲ್ಲಿ ಕಲೆಯಿದ್ದವನನ್ನೇ ಹುಡುಕಿ ತಂದರು. ಗುರುತಿನ ಪರೇಡಿನಲ್ಲಿ ಸಾಲಾಗಿ ನಿಲ್ಲಿಸಿದವರಲ್ಲಿ ಕಲೆಯಿದ್ದವನು ಅವನೊಬ್ಬನೇ. ಎಂಥ ಕಠಿಣ ಪರೀಕ್ಷೆ ನೋಡಿ. ಬೆರಳು ತೋರಿಸಿ ಪಾಸಾದೆ. ಹೊರಬರುತ್ತಲೇ ಇನ್‌ಸ್ಪೆಕ್ಟರು ಬೆನ್ನು ತಟ್ಟಿ, "ಭಲೇ, ಏನ್ ಕಣ್ಣಯ್ಯಾ ನಿಂದು" ಎಂದರು. ಅದುವರೆಗೆ ಒಳಗಿದ್ದ ಸಣ್ಣ ಅಳುಕೂ ಅಲ್ಲಿಗೆ ಹೋಯಿತು. ಕಟಕಟೆಯಲ್ಲಿ ನಿಂತಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೊಲೆಗೆ ಬಳಸಿದ ಚಾಕು ಸಿಗಲಿಲ್ಲ, ರಕ್ತ ಮೆತ್ತಿದ ಬಟ್ಟೆ ಸಿಗಲಿಲ್ಲ, ಕೊಲ್ಲಲು ಕಾರಣವೂ ಸಿಗಲಿಲ್ಲ. "ಆ ಹೊತ್ತಿಗೆ ಎಲ್ಲಿದ್ದೆ?" ಎಂದು ನೀವು ಅವನನ್ನೇ ಕೇಳಿದಿರಿ. ಮನೆಯಲ್ಲಿ ಮಲಗಿದ್ದೆ ಎಂದ. ಹೆಂಡತಿ ಹೌದೆಂದರು. ಹೆಂಡತಿಯ ಮಾತು ನಂಬಲಾಗದು ಎಂದಿರಿ. ರಾತ್ರಿಯೆಲ್ಲ ಲಾರಿ ಓಡಿಸಿ ಬಂದು ಮಲಗುವವನು, ಮುಂದೆ ಬೇಕಾದೀತೆಂದು ಊರಿನವರನ್ನು ಹಾಸಿಗೆಯ ಸುತ್ತ ಕೂರಿಸಿಕೊಳ್ಳಬೇಕಿತ್ತೇ? ಕೊಂದನೆಂದು ಸಾಬೀತು ಮಾಡಬೇಕಾದವರು ನೀವಲ್ಲವೇ? ಆ ಭಾರವನ್ನು ಯಾವಾಗ ಅವನ ತಲೆಗೆ ಕಟ್ಟಿದಿರಿ?

ಕಳೆದ ತಿಂಗಳು ಆ ಹೆಂಡತಿ ನನ್ನ ಅಂಗಡಿಗೆ ಬಂದರು. ಗಿರಾಕಿಯ ಗಂಟಲ ಮೇಲೆ ನನ್ನ ಕತ್ತಿಯಿತ್ತು. ಅಂಥ ಹೊತ್ತಲ್ಲಿ ನಾವು ಕತ್ತು ತಿರುಗಿಸುವುದಿಲ್ಲ, ಬಂದವರನ್ನು ಎದುರಿನ ಕನ್ನಡಿಯಲ್ಲೇ ನೋಡಿ ಮಾತಾಡಿಸುತ್ತೇವೆ.

"ಅಣ್ಣಾ, ಅವತ್ತೂ ಹೀಗೇ ನಿಂತಿದ್ರಾ?"

"ಹೀಗೇ ಕಣಮ್ಮ. ಶೇವಿಂಗ್ ಮಾಡ್ತಿದ್ದೆ."

"ತಿರುಗಿ ನೋಡ್ಲೇ ಇಲ್ವಾ?"

ಕನ್ನಡಿಯಲ್ಲಿ ಅವರ ಚೀಲ ಬಲಹೆಗಲಲ್ಲಿದ್ದಂತೆ ಕಾಣುತ್ತಿತ್ತು. ಕತ್ತಿ ಕೆಳಗಿಟ್ಟು ತಿರುಗಿದೆ. ಚೀಲ ಎಡಹೆಗಲಲ್ಲಿತ್ತು.

ಕೊಲೆಗಾರನ ಕಲೆ ಎಡಗೆನ್ನೆಯಲ್ಲಿತ್ತು, ಸ್ವಾಮಿ. ಜೀವಮಾನವೆಲ್ಲ ಲೋಕವನ್ನು ಕನ್ನಡಿಯಲ್ಲೇ ನೋಡಿದವನಿಗೆ ಮಧ್ಯೆ ಕನ್ನಡಿಯಿದೆ ಎಂಬುದೇ ಮರೆತುಹೋಗಿತ್ತು. ತಿರುಗಿ ನೋಡಿದೆಯಾ ಎಂದು ನೀವು ಕೇಳಲಿಲ್ಲ, ಎದುರು ವಕೀಲರೂ ಕೇಳಲಿಲ್ಲ, ನಿಜ. ಆದರೆ ಬೆರಳು ತೋರಿಸಿದವನು ನಾನು. ಆಕೆ ಬೈಯಲಿಲ್ಲ. "ಈಗಲಾದ್ರೂ ಹೇಳಿ ಅಣ್ಣಾ" ಎಂದು ಕೈಮುಗಿದರು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಹೇಳೋಣವೆಂದು ಬಂದರೆ ನಿಮ್ಮ ಗುಮಾಸ್ತರು, "ಹೇಳಿಕೆ ಬದಲಾಯಿಸಿದ್ರೆ ಸುಳ್ಳು ಸಾಕ್ಷಿ ಕೇಸ್ ಬೀಳುತ್ತೆ, ಸುಮ್ನೆ ಮನೆಗೆ ಹೋಗಿ" ಎಂದರು. ಹೋಗಲಾರೆ. ನನ್ನ ಹೊಸ ಹೇಳಿಕೆಯನ್ನು ಮೇಲ್ಮನವಿ ಕೇಳುವ ನ್ಯಾಯಾಧೀಶರ ಮುಂದಿಡಿ. ಇಲ್ಲವೇ ಆ ಕೇಸನ್ನೇ ಹಾಕಿ, ನಾನಾಗಿಯೇ ಬಂದು ನಿಲ್ಲುತ್ತೇನೆ. ಈ ಬಾರಿಯಾದರೂ ಸಾಬೀತಿನ ಭಾರ ನಿಮ್ಮ ಮೇಲಿರಲಿ. ಕಟಕಟೆಯಲ್ಲಿ ನಾನು ಹೇಳಿದ್ದು ಸುಳ್ಳೆಂದು ನೀವೇ ಸಾಬೀತು ಮಾಡಿ. ಆಮೇಲೆ ಅದೇ ಸುಳ್ಳಿನ ಮೇಲೆ ಆತನನ್ನು ಹೇಗೆ ಒಳಗಿಟ್ಟುಕೊಳ್ಳುತ್ತೀರೋ ನೋಡೋಣ.

ಇಂತಿ,
ನೀವು ಕಣ್ಣುಮುಚ್ಚಿ ನಂಬಿದ ಪ್ರತ್ಯಕ್ಷಸಾಕ್ಷಿ