ಹೊರಗಡೆಯ ಚಿಲಕ

ತಮ್ಮಾ,

ನೀನು ಸತ್ತು ಮೂವತ್ತು ವರ್ಷವಾದ ಮೇಲೆ, ನಿನ್ನ ಕೋಣೆಗೆ ನಾನೇ ಹೊರಗಡೆಯಿಂದ ಜಡಿದಿದ್ದ ಚಿಲಕವನ್ನು ಇವತ್ತು ಕಿತ್ತೆ. ನನ್ನ ಮೊಮ್ಮಗಳಿಗೂ ನಿನ್ನದೇ ಮನಸ್ಸಿನ ಕಾಯಿಲೆ. ನಾಳೆ ಆಸ್ಪತ್ರೆಯಿಂದ ಆ ಕೋಣೆಗೇ ಬರುತ್ತಾಳೆ. ಡಾಕ್ಟರಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು, "ಕೂಡಿ ಹಾಕಬೇಡಿ, ಜೊತೆಗೆ ಕೂತು ಮಾತಾಡಿ. ಮಾತ್ರೆ ಎಷ್ಟು ಬೇಕೋ ನೀವೂ ಅಷ್ಟೇ ಬೇಕು" ಅಂದರು.

ಚಿಲಕ ಕೀಳ್ತೀನಿ ಅಂತ ಆಸ್ಪತ್ರೆಯಲ್ಲೇ ಶುರುಮಾಡಿ ನಾನು ಬಿಡದೆ ಮಾತಾಡಿದ್ದಕ್ಕೆ, "ತಾತ, ಆ ಚಿಲಕ ನಿನ್ನ ಬಾಯಿಗೆ ಹಾಕ್ಕೋ" ಅಂತ ನಕ್ಕಳು ಮೊಮ್ಮಗಳು. ನಾನೂ ನಕ್ಕೆ.

ನಿನ್ನ ಡಾಕ್ಟರೂ ನನಗೆ ಬಾ ಅಂತ ಮೂರು ಸಲ ಹೇಳಿ ಕಳಿಸಿದ್ದರು. "ನಾನು ಬಡಗಿ, ನನಗ್ಯಾಕೆ ಆ ಉಸಾಬರಿ" ಅಂತ ಹೋಗಲಿಲ್ಲ.

ಬಾಗಿಲ ಒಳಮೈಯಲ್ಲಿ ನೀನು ಬಡಿಯುತ್ತಿದ್ದ ಜಾಗದ ಬಣ್ಣ ಸವೆದಿದೆ. ಉಜ್ಜಲು ಉಪ್ಪುಕಾಗದ ಹಿಡಿದೆ, ಕೈ ಏಳಲಿಲ್ಲ. ಊಟಕ್ಕೆ ಕೂತಾಗ ಒಳಗಿಂದ ಬಡಿದ ಸದ್ದಾಯಿತು. ಕೋಣೆ ಖಾಲಿ, ಬಾಗಿಲು ತೆರೆದೇ ಇತ್ತು. ಆದರೂ ಈ ಸಲ ಎದ್ದು ಓಡಿ ಬಂದೆ ಕಣೋ.